ಸೆಂಡೈಯೋ, ನಗೋಯಾನೋ

ಲಿಂಗರಾಜು ಹಮಾಮತ್ಸುವಿನಿಂದ ಬೆಳಗಿನ ರೈಲಿಗೇ ಹೊರಟು ಟೋಕಿಯೋ ಪಕ್ಕದ ಗ್ಯೋಟೋಕುಗೆ ಬಂದಿದ್ದ. ಸ್ಟೇಷನ್ ಪಕ್ಕದ ಕೆಫೆಯಲ್ಲಿ ನೀರಜಾ ಕಾಫಿ ಮುಟ್ಟದೆ ಕೂತಿದ್ದಳು. ಅವಳ ಎರಡು ವರ್ಷದ ಕಾಲೇಜು ಮುಗಿಯುತ್ತಾ ಬಂದಿತ್ತು. ಫಿಸಿಕ್ಸ್ ಓದಲು ಮೂರನೇ ವರ್ಷಕ್ಕೆ ಯಾವ ಯೂನಿವರ್ಸಿಟಿ ಸೇರುವುದೆಂದು ಇವತ್ತೇ ಪ್ರೊಫೆಸರಿಗೆ ತಿಳಿಸಬೇಕಿತ್ತು.

"ಇದಕ್ಕೆ ಇಷ್ಟು ಟೆನ್ಶನ್ನಾ?" ಅವನು ನಕ್ಕ. "ಸೆಂಡೈಗೂ ಅರ್ಜಿ ಹಾಕಿ, ನಗೋಯಾಗೂ ಹಾಕಿ. ಎರಡೂ ಕಡೆ ಸೀಟ್ ಸಿಗ್ಲಿ, ಆಮೇಲೆ ನೋಡಿದ್ರಾಯ್ತು. ಸಿಇಟಿಲಿ ನಾವೆಲ್ಲ ಹಂಗೇ ಮಾಡಿದ್ದು."

ಅವಳು ಕಣ್ಣೆತ್ತಿ ನೋಡಿದಳು. ಟೋಕಿಯೋ ಕನ್ನಡದವರ ಯುಗಾದಿ ಊಟದಲ್ಲಿ ಮೊದಲ ಸಲ ಕಂಡಾಗ ಇದೇ ನೋಟಕ್ಕೆ ಅವನು ಒಬ್ಬಟ್ಟಿನ ತಟ್ಟೆ ಹಿಡಿದು ಬಡಿಸುವುದನ್ನೇ ಮರೆತಿದ್ದ.

"ಇಲ್ಲಿ ಹಂಗಲ್ಲರೀ. ಪ್ರೊಫೆಸರ್ ರೆಕಮೆಂಡ್ ಮಾಡೋದು ಒಂದೇ ಕಡೆ. ಸೀಟ್ ಸಿಕ್ಕಿದ್ರೆ ಹೋಗ್ಲೇಬೇಕು. ನಾನು ಕೈಕೊಟ್ರೆ ಮುಂದಿನ ವರ್ಷ ನಮ್ಮ ಕಾಲೇಜಿನವರನ್ನ ಅವರು ನಂಬಲ್ಲ."

ಅವನ ನಗು ಅಲ್ಲೇ ನಿಂತಿತು. ನಗೋಯಾ ಎಂದರೆ ಅವನಿರುವ ಹಮಾಮತ್ಸುವಿನ ಪಕ್ಕ, ವಾರವಾರ ಸಿಗಬಹುದು. ಸೆಂಡೈ ಎಂದರೆ ಟೋಕಿಯೋ ದಾಟಿ ಇನ್ನೂ ಎಷ್ಟೋ ಉತ್ತರಕ್ಕೆ.

"ಸೆಂಡೈ ಯಾಕೆ?" ಇಷ್ಟು ದಿನ ಅವನು ಇದನ್ನು ಕೇಳಿಯೇ ಇರಲಿಲ್ಲ.

"ಸೆಂಡೈ ಕಡೆ ಆ ದೊಡ್ಡ ಭೂಕಂಪ, ಸುನಾಮಿ ಆದಾಗ ನಂಗೆ ಒಂಬತ್ತು ವರ್ಷ. ಇಲ್ಲೂ ನಮ್ಮ ಸ್ಕೂಲ್ ಗ್ರೌಂಡ್ ಬಿರುಕುಬಿಟ್ಟು ಕೆಸರು ಉಕ್ತಿತ್ತು. ನಮ್ಮ ಓನೋ ಟೀಚರ್ ಸೆಂಡೈಲಿದ್ದ ಅವರ ಅಮ್ಮಂಗೆ ಫೋನ್ ಮಾಡ್ತಾನೇ ಇದ್ರು. ಯಾರೂ ಎತ್ತಲಿಲ್ಲ. ನಾನು ಪೆದ್ದಿ, ಹೋಗಿ ಅವರನ್ನೇ ಕೇಳ್ದೆ, ನೆಲ ಯಾಕೆ ಹಿಂಗೆ ಮಾಡ್ತು ಅಂತ." ಅವಳ ದನಿ ಇಳಿಯಿತು. "ಗೊತ್ತಿಲ್ಲಮ್ಮ, ಸುಮಿಮಾಸೆನ್ ಅಂದ್ರು. ನನ್ನ ಹತ್ರ ಕ್ಷಮೆ ಕೇಳಿದ್ರು ರೀ, ಅವತ್ತು. ನಂಗೆ ಆ ಉತ್ತರ ಬೇಕು. ಅದನ್ನ ಕಲಿಸೋರು ಸೆಂಡೈಲಿದಾರೆ."

ಅವಳು ಆರಿದ ಕಾಫಿಯನ್ನು ಪಕ್ಕಕ್ಕೆ ಸರಿಸಿ ಫೋನನ್ನು ಮೇಜಿನ ಮೇಲಿಟ್ಟಳು.

"ನೀವೇ ಹೇಳಿ," ಅಂದಳು. "ನಗೋಯಾ ಅಂದ್ರೆ ನಗೋಯಾ. ನಿಜವಾಗ್ಲೂ ಬರ್ತೀನಿ."

ಆ ಊರಿನ ಹೆಸರು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಅವಳನ್ನು ಅಷ್ಟು ದೂರ ಕಳಿಸಲು ಅವನಿಗೆ ಸುತರಾಂ ಮನಸ್ಸಿರಲಿಲ್ಲ.

"ಸೆಂಡೈ," ಅಂದ. "ಈಗ್ಲೇ ಫೋನ್ ಮಾಡಿ. ನನ್ನ ಮನಸ್ಸು ಬದಲಾಗೋದ್ರೊಳಗೆ."

ಅವಳು ಹೊರಗೆ ಹೋಗಿ ಫೋನ್ ಮಾಡಿದಳು. ಗಾಜಿನಾಚೆ ನಿಂತು, ಕಾಣದ ಪ್ರೊಫೆಸರಿಗೆ ಬಗ್ಗಿ ಬಗ್ಗಿ ನಮಸ್ಕರಿಸುತ್ತಿದ್ದಳು. ಅದನ್ನು ನೋಡಿ ಅವನಿಗೆ ನಗು ಬಂತು, ಕಣ್ಣೂ ತುಂಬಿತು.

ಒಳಗೆ ಬಂದವಳು ಎದುರಿನ ಕುರ್ಚಿ ಬಿಟ್ಟು ಅವನ ಪಕ್ಕದಲ್ಲಿ ಕೂತಳು.

"ನಗೋಯಾ ಅಂದಿದ್ರೆ ಖಂಡಿತ ಬರ್ತಿದ್ದೆ. ಆದ್ರೆ ನಿಮ್ಮನ್ನ ಪ್ರೀತಿಸ್ತೀನಿ ಅಂತ ಯಾವತ್ತೂ ಹೇಳ್ತಿರ್ಲಿಲ್ಲ."

"ಈಗ?"

"ಈಗ ಹೇಳ್ತಾ ಇದೀನಿ," ಅಂದಳು ನೀರಜಾ.