ಅಳಿಸಿಹೋದ ಗೌರಿ

"ಅಂಬಾ ಅಕ್ಕಾರ, ನನ್ನ ರಂಗೋಲಿ ಹೋತ್ರಿ!"

ರವಿವಾರ ಬೆಳಿಗ್ಗೆ ಶೈಲಾ ಬಾಗಿಲಲ್ಲಿ ನಿಂತು ಹೀಗೆ ಕೂಗಿದಾಗ ಈರಣ್ಣ ಇನ್ನೂ ಚಹಾದ ಮೊದಲ ಗುಟುಕು ನುಂಗಿರಲಿಲ್ಲ. ಕ್ಯಾಂಪ್ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವನಿಗೆ ರವಿವಾರವೆಂದರೆ ಪಕ್ಕದ ಮನೆಯ ಅಂಬಾಬಾಯಿಯವರ ಚಹಾ, ಜೊತೆಗೆ ಅವರ ಹಳೆಯ ಕೇಸುಗಳ ಕತೆ. ಧಾರವಾಡದ ಕಡೆಯ ಅಂಬಾಬಾಯಿ ವಿಮಾ ಕಂಪನಿಯಿಂದ ನಿವೃತ್ತರಾದವರು. ಸುಟ್ಟ ಗೋದಾಮು ನೋಡಿ, ಬೆಂಕಿ ತಾನಾಗಿ ಬಿತ್ತೋ ಯಾರಾದರೂ ಇಟ್ಟರೋ ಎಂದು ಹೇಳುವುದೇ ಅವರ ಕೆಲಸವಾಗಿತ್ತು. ಈಗ ಕೊಂಢವಾ ಬಡಾವಣೆಯ ಈ ಚಂದನ ಹೈಟ್ಸ್ ವಸತಿ ಸೊಸೈಟಿಯಲ್ಲಿ ಒಂದು ಸೈಕಲ್ ಕಳೆದರೂ ಜನ ಮೊದಲು ಒತ್ತುವುದು ಅವರ ಮನೆಯ ಬೆಲ್ಲನ್ನೇ.

ಅದೇ ಸೊಸೈಟಿಯ ರಂಗೋಲಿ ಕಲಾವಿದೆ ಶೈಲಾಳ ಸಂಕಟ ಈರಣ್ಣನಿಗೆ ಗೊತ್ತಿತ್ತು. ಊರಿನ ದೊಡ್ಡ ಗ್ಯಾಲರಿಗಳ ಮೆಟ್ಟಿಲು ಹತ್ತಿ ಇಳಿದು ಸಾಕಾಗಿ, ಅವಳು ಸೊಸೈಟಿಯ ಕಮಿಟಿಯೊಂದಿಗೇ ಜಗಳಕ್ಕೆ ನಿಂತಿದ್ದಳು. ವರ್ಷವಿಡೀ ಬೀಗ ಬಿದ್ದಿರುವ ಕ್ಲಬ್‌ಹೌಸನ್ನು ತಿಂಗಳಿಗೊಂದು ರವಿವಾರ ಇಲ್ಲಿಯ ಕಲಾವಿದರಿಗೆ ಬಿಟ್ಟುಕೊಡಿ ಎಂಬುದು ಅವಳ ಹಟ. ಕಮಿಟಿ ಗೊಣಗುತ್ತಲೇ ಒಪ್ಪಿತ್ತು, ಆದರೆ ಮೊದಲ ಸಲ ಕೆಟ್ಟರೆ ಮುಂದೆ ಇಲ್ಲ ಎಂಬ ಕರಾರಿನ ಮೇಲೆ. ಗೌರಿಯ ಚಿತ್ರ ಬಿಡಿಸುತ್ತೇನೆಂದು ಹೇಳಿ ಅವಳು ವಾರವಿಡೀ ಕ್ಲಬ್‌ಹೌಸಿನ ಪರದೆ ಎಳೆದು ನೆಲದ ಮೇಲೆ ಬಗ್ಗಿ ಕೂತಿದ್ದಳು. ಒಳಗೆ ಯಾರನ್ನೂ ಬಿಟ್ಟಿರಲಿಲ್ಲ. ರಂಗೋಲಿಯ ಪಕ್ಕ ಇಡಲು ಹಿತ್ತಾಳೆಯ ದೀಪ ಕೊಟ್ಟ ಈರಣ್ಣನೂ, "ತಳದಾಗ ಎಣ್ಣಿ ಸೋರ್ತದವಾ, ನೋಡ್ಕೋ" ಎಂದು ಹೊರಗಿನಿಂದಲೇ ಎಚ್ಚರಿಸಿ ಬಂದಿದ್ದ. ಇಂದು ಮಧ್ಯಾಹ್ನ ನಗರಸೇವಕರು, ಅಂದರೆ ವಾರ್ಡಿನ ಪಾಲಿಕೆ ಸದಸ್ಯರು, ಉದ್ಘಾಟನೆಗೆ ಬರುವವರಿದ್ದರು.

ಮೂವರೂ ಹೋದಾಗ ಕ್ಲಬ್‌ಹೌಸಿನ ಹಾಲ್‌ನಲ್ಲಿ ಫ್ಯಾನು ಭರ್ರೆಂದು ತಿರುಗುತ್ತಿತ್ತು. ಯಾರೂ ಹಾಕಬಾರದೆಂದು ಶೈಲಾ ಸ್ವಿಚ್ಚಿನ ಮೇಲೆ ಅಂಟಿಸಿದ್ದ ಟೇಪು ಕಿತ್ತು ಜೋತಾಡುತ್ತಿತ್ತು. ನೆಲದ ಮೇಲೆ ಬಣ್ಣಬಣ್ಣದ ಮಬ್ಬು ಕಲೆ ಬಿಟ್ಟರೆ ಕಣ್ಣಿಲ್ಲ, ಮೂಗಿಲ್ಲ, ಏನೂ ಇಲ್ಲ. ಪಕ್ಕದಲ್ಲಿ ಈರಣ್ಣನ ದೀಪ ಮಾತ್ರ ಇಟ್ಟಲ್ಲೇ ಇತ್ತು.

"ಗಾಳಿಗೆ ಹಾರೇದ, ಇನ್ನೇನು?" ಎಂದ ಸೊಸೈಟಿಯ ಸೆಕ್ರೆಟರಿ ರಾಜೀವ ಇನಾಮದಾರ. ಬಾಗಿಲ ಬಳಿ ನಿಂತಿದ್ದ ರಂಗೂಬಾಯಿಯತ್ತ ಬೆರಳು ಮಾಡಿದ. "ಈಕಿ ಹತ್ರ ಚಾವಿ ಅದ. ಸೆಕಿ ಅಂತ ಫ್ಯಾನ್ ಹಾಕ್ಯಾಳ."

ರಂಗೂಬಾಯಿ ಸೊಸೈಟಿಯ ಕಸ ಗುಡಿಸುವವಳು, ವಿಜಯಪುರದ ಕಡೆಯವಳು. ಅವಳಂಥವರು ಲಿಫ್ಟ್ ಹತ್ತಬಾರದೆಂದು ನೋಟೀಸು ಹಚ್ಚಿದ್ದವನೂ ಇದೇ ಇನಾಮದಾರ. ಅವಳು ತಲೆ ತಗ್ಗಿಸಲಿಲ್ಲ. "ನಾ ಹಾಕಿಲ್ರಿ. ಇನ್ನೊಂದು ಚಾವಿ ನಿಮ್ಮ ಆಫೀಸ್‌ನಾಗ ಅದ ಅಲ್ರಿ?"

"ಅದನ್ನ ರಾಜೀವ, ನಾನು ಇಬ್ಬರ ಮುಟ್ಟೋದು," ಎಂದ ಖಜಾಂಚಿ ವಿಕಾಸ. "ಗೌರಿ ಮುನಿಸಿಕೊಂಡು ಹೋದ್ಲು ಬಿಡ್ರಿ. ಇಲ್ಲಿ ಟೇಬಲ್ ಟೆನಿಸ್ ಇಡೋಣು ಅಂತ ನಾ ಮೊದಲ ಹೇಳಿದ್ದೆ."

"ಹೋಗ್ಲಿ, ಆ ಸುಕ್ಕುಬಿದ್ದ ಮಾರಿ ನೋಡಾಕ ಯಾರ್ ಬರ್ತಿದ್ರು?" ಎಂದ ಇನಾಮದಾರ. "ಶೈಲಾ, ಹಾಲ್ ಇವತ್ತಿನಿಂದ ಬಂದ್. ರಂಗೂಬಾಯಿ, ನಾಳಿಂದ ನೀನೂ ಬರಬ್ಯಾಡ."

ಈರಣ್ಣ ಜಗಳಕ್ಕೆ ಬಾಯಿ ತೆರೆಯುವಷ್ಟರಲ್ಲಿ ಅಂಬಾಬಾಯಿ ಅವನ ತೋಳು ಹಿಡಿದರು. "ಈರಣ್ಣಾರ, ನಿಮ್ಮ ದೀಪದ ತಳದ ಸುತ್ತಾ ಒರಸ್ರಿ."

ಇದೆಂಥ ಹೊತ್ತಿನಲ್ಲಿ ಎಂಥ ಕೆಲಸ ಎಂದುಕೊಳ್ಳುತ್ತಲೇ ಅವನು ಬಿಳಿಯ ಕರವಸ್ತ್ರದಿಂದ ಒರಸಿದ. ಬಟ್ಟೆಗೆ ಎಣ್ಣೆಯ ಕಲೆ ಹತ್ತಿತು. ಅಂಬಾಬಾಯಿ ಅಷ್ಟರಲ್ಲಿ ಕೆಳಗೆ ಕೂತು ನೆಲದ ಫರಶಿ ಕಲ್ಲುಗಳ ಸಂದನ್ನು ಉಗುರಿನಿಂದ ಕೆರೆದರು. ಒಣಗಿದ ಹಿಟ್ಟಿನ ಹಾಗೆ ಬಣ್ಣ ಚಕ್ಕೆಯಾಗಿ ಎದ್ದಿತು. ಅವರು ಎದ್ದು ಶೈಲಾಳ ಕಿವಿಯಲ್ಲಿ ಏನೋ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು.

"ಕೆಲಸಾ ಬಿಡಿಸೋದು, ಬೀಗಾ ಹಾಕೋದು ಸ್ವಲ್ಪ ತಡೀರಿ," ಎಂದರು ಅಂಬಾಬಾಯಿ. "ನಗರಸೇವಕರು ಬರೋ ಮುಂಚೆ ಎಲ್ಲಾರೂ ಇಲ್ಲಿ ಸೇರೋಣು."

ಮಧ್ಯಾಹ್ನ ಹಾಲ್ ತುಂಬಿತು. ತಮಾಷೆ ನೋಡಲು ಬಂದವರೇ ಹೆಚ್ಚು. ಅಂಬಾಬಾಯಿ ಈರಣ್ಣನ ಕರವಸ್ತ್ರ ಎತ್ತಿ ಹಿಡಿದರು.

"ಈರಣ್ಣಾರ, ನೀವು ಬಟ್ಟಿ ವ್ಯಾಪಾರಸ್ಥರು. ಇದರಾಗ ಬಣ್ಣ ಅದ ಏನು?"

"ಇಲ್ರಿ. ಬರೇ ಎಣ್ಣಿ."

"ರಂಗೋಲಿ ಗಾಳಿಗೆ ಹಾರಿದ್ರ ಪಕ್ಕದಾಗಿನ ಎಣ್ಣಿಗೆ ಅಂಟಿಕೋಬೇಕಿತ್ತು. ಒಂದು ಕಣಾನೂ ಇಲ್ಲ. ಅಂದ್ರ ಹಾರಿಲ್ಲ. ಫರಶಿ ಸಂದಿನಾಗ ಬಣ್ಣ ಒಣಗಿ ಹತ್ಯದ. ಅಂದ್ರ ಒದ್ದಿ ಬಟ್ಟಿಲೆ ಒರಸ್ಯಾರ. ಫ್ಯಾನ್ ಹಾಕಿದ್ದು ಹಸಿ ನೆಲ ಆರಲಿ ಅಂತ. ತಪ್ಪು ರಂಗೂಬಾಯಿ ಮ್ಯಾಲ ಬೀಳ್ತದ ಅನ್ನೋದೂ ಅವರಿಗೆ ಗೊತ್ತಿತ್ತು."

"ಒರಸೋದು ಆಕೀದ ಕೆಲಸ!" ಎಂದ ಇನಾಮದಾರ.

"ತಡೀರಿ. ಶೈಲಾ, ಚಿತ್ರ ಯಾರದಿತ್ತು?"

ಶೈಲಾ ಎದ್ದು ನಿಂತಳು. "ರಂಗೂಬಾಯಿದ್ರಿ. ಆಕಿ ದಿನಾ ಬಂದು ನನ್ನ ಮುಂದ ಕುಂದರ್ತಿದ್ಲು. ಮೊದಲ ಹೇಳಿದ್ರ ಹಾಲ್ ಕೊಡ್ತಿರಲಿಲ್ಲ. ಅದಕ್ಕ ಗೌರಿ ಅಂದಿದ್ದೆ."

ಹಾಲ್‌ನಲ್ಲಿ ಗುಜುಗುಜು ಎದ್ದಿತು. ವಿಕಾಸ ಬಾಯಿ ಬಿಟ್ಟುಕೊಂಡು ನಿಂತ.

"ನೋಡ್ರಿ, ವಿಕಾಸಗ ಇದು ಗೊತ್ತಿರಲಿಲ್ಲ," ಎಂದರು ಅಂಬಾಬಾಯಿ. "ಮುಂಜಾನೆ ಗೌರಿ ಮುನಿಸಿಕೊಂಡ್ಲು ಅಂದ. ನಮಗೆಲ್ಲಾ ಅದು ಗೌರಿನ. ನಾವು ಬಂದಾಗ ನೆಲದ ಮ್ಯಾಲ ಮುಖಾ ಉಳಿದಿರಲಿಲ್ಲ. ಆದರ ರಾಜೀವ, ನೀವು ಸುಕ್ಕುಬಿದ್ದ ಮಾರಿ ಅಂದ್ರಿ. ಗೌರಿಗೆ ಸುಕ್ಕು ಎಲ್ಲಿಂದ ಬಂದ್ವು?"

ಈರಣ್ಣ ತನ್ನ ಕಿವಿಗೇ ಬೈದುಕೊಂಡ. ಆ ಮಾತು ಅವನೂ ಕೇಳಿದ್ದ, ಸಿಟ್ಟಿನಲ್ಲಿ ಅದನ್ನು ತೂಗಿ ನೋಡಿರಲಿಲ್ಲ.

ಇನಾಮದಾರನ ಮುಖ ಕೆಂಪೇರಿತು. "ಹೌದು, ನಾನ ಒರಸೀನಿ! ನಿನ್ನೆ ರಾತ್ರಿ ವ್ಯವಸ್ಥಾ ನೋಡಾಕ ಒಳಗ ಬಂದೆ. ನಗರಸೇವಕರ ಮುಂದ ಕಸದಾಕಿ ಮಾರಿ ಇಡೋದೇನು? ಈ ಹಾಲ್ ಚಾವಿ ನನ್ನ ಕೈಯಾಗ ಅದ. ಇನ್ನ ಒಬ್ಬ ಕಲಾವಿದಗೂ ಕೊಡಂಗಿಲ್ಲ!"

"ಇಟ್ಕೋರಿ ಚಾವಿ," ಎಂದಳು ಶೈಲಾ.

ಬಣ್ಣದ ಡಬ್ಬಿಗಳನ್ನು ಸೆರಗಿನಲ್ಲಿ ತುಂಬಿಕೊಂಡು ಅವಳು ಹೊರಗೆ ನಡೆದಳು. ಜನವೂ ಹಿಂದೆ ಹೊರಟಿತು. ಸೊಸೈಟಿಯ ದೊಡ್ಡ ಗೇಟಿನ ನಟ್ಟನಡುವೆ, ಎಲ್ಲರ ಕಾರು ಹಾಯುವ ಜಾಗದಲ್ಲಿ, ಅವಳು ಮಂಡಿಯೂರಿ ಮೊದಲ ಗೆರೆ ಎಳೆದಳು. ವಿಕಾಸ ಕ್ಲಬ್‌ಹೌಸಿನಿಂದ ಕುರ್ಚಿಗಳನ್ನು ತಂದು ಸುತ್ತ ಸಾಲಾಗಿ ಇಟ್ಟ. ಈರಣ್ಣ ಸೋರುವ ದೀಪವನ್ನು ತಂದು ಪಕ್ಕದಲ್ಲಿ ಹಚ್ಚಿದ. ಅವನಿಗೆ ಅಂದು ಸಿಟ್ಟೂ ಇತ್ತು, ಹೆಮ್ಮೆಯೂ ಇತ್ತು.

ನಗರಸೇವಕರ ಕಾರು ಬಂದು ಗೇಟಿನ ಹೊರಗೇ ನಿಂತಿತು. ಹಾರ್ನ್ ಹೊಡೆಯಿತು. ಯಾರೂ ಕದಲಲಿಲ್ಲ.

"ಏಳ್ರಿ, ದಾರಿ ಬಿಡ್ರಿ!" ಎಂದು ಇನಾಮದಾರ ಓಡಿಬಂದ.

"ಕಾರ್ ಅಲ್ಲೇ ನಿಲ್ಲಲಿ, ಇಳದು ಬಂದು ನೋಡ್ಲಿ," ಎಂದರು ಅಂಬಾಬಾಯಿ. "ಇವತ್ತ ಪ್ರದರ್ಶನ ಇಲ್ಲೇ ಅದ."

ರಂಗೂಬಾಯಿ ಒಂದು ಕುರ್ಚಿ ಎಳೆದು ಶೈಲಾಳ ಎದುರಿಗೆ, ಇನಾಮದಾರನಿಗೆ ಬೆನ್ನು ಮಾಡಿ ಕೂತಳು. ಸೆರಗು ಸರಿಮಾಡಿಕೊಂಡು ಮುಖವನ್ನು ಬಿಸಿಲಿಗೆ ಎತ್ತಿದಳು.

"ಚಿತ್ರಾ ತಗೀವಾ," ಎಂದಳು. "ಒಂದು ಸುಕ್ಕೂ ಬಿಡಬ್ಯಾಡ."