ಒರಟು ಕೈಯ ಕೆಲಸ

ಲೈಸೆನ್ಸು ರದ್ದಾದ ಪತ್ರವನ್ನು ಲಿಂಡ್ಸೆ ಟ್ರೆಂಬಾತ್ ನಾಲ್ಕು ಸಲ ಓದಿದ. ನಲವತ್ತೊಂದು ವರ್ಷ ಕಡೀನಾ ಊರಿನ ಮನೆಮನೆಗೆ ಕರೆಂಟು ಎಳೆದ ಕೈ ಅವನದು. ಸೊಂಟದ ಆಪರೇಷನ್ನಾದ ತಿಂಗಳು, ನೋವಿನಲ್ಲಿ, ಒಂದೇ ಒಂದು ಮನೆಯಲ್ಲಿ ವೈರಿಂಗಿನ ಕೊನೆಯ ಪರೀಕ್ಷೆ ಮಾಡದೆ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದ್ದ. ಅದು ನಿಜ. ಆದರೆ ದೂರು ಬರೆದವನು ಮರ್ವ್ ಪೆಂಗೆಲಿ! ಜೀವಮಾನದಲ್ಲಿ ಒಂದು ವೈರನ್ನೂ ನೆಟ್ಟಗೆ ಕೂಡಿಸಿದವನಲ್ಲ. ಈಗ ಪ್ರತಿ ಶನಿವಾರ ಊರಿನ ರಿಪೇರಿ ಶೆಡ್ಡಿನಲ್ಲಿ ಲಿಂಡ್ಸೆಯ ಕುರ್ಚಿಯಲ್ಲಿ ಕೂತು ಮುದುಕಿಯರ ಟೋಸ್ಟರುಗಳಿಗೆ ವೈರು ಕಟ್ಟಿಕೊಡುತ್ತಾನೆ. ಯಾರೂ ಅವನ ಲೈಸೆನ್ಸು ಕೇಳುವುದಿಲ್ಲ. ಲಿಂಡ್ಸೆಗೆ ಅಲ್ಲಿ ಉಳಿದದ್ದು ಹುಲ್ಲು ಕತ್ತರಿಸುವ ಯಂತ್ರದ ಬ್ಲೇಡು ಮಸೆಯುವ ಕೆಲಸ.

ಮಂಗಳವಾರ ಬೇಕರಿಯ ಸಾಲಿನಲ್ಲಿ ಹಿಂದಿನಿಂದ ಮರ್ವ್‌ನ ದನಿ ಕೇಳಿತು.

"ಏನೋ ಲಿಂಡ್ಸೆ, ಮನೇಲಿ ಬಲ್ಬು ಹೋದ್ರೆ ನಂಗೆ ಹೇಳಿ ಕಳ್ಸು ಮಾರಾಯ. ನೀನು ಮುಟ್ಟಿದ್ರೆ ದಂಡ ಹಾಕ್ಬಿಟ್ಟಾರು!"

ಸಾಲಿಗೆ ಸಾಲೇ ನಕ್ಕಿತು.

"ನೀನು ಕಟ್ಟಿದ ವೈರಿಂದ ಇನ್ನೂ ಯಾರೂ ಸತ್ತಿಲ್ವಲ್ಲ, ಅದೇ ದೊಡ್ಡದು," ಎಂದ ಲಿಂಡ್ಸೆ.

"ಸತ್ರೆ ಮೊದ್ಲು ನಾನೇ ಬಿಡು. ನಾನೇ ವೈರು ಕಟ್ಟಿದ ನನ್ ಕರೆಂಟು ಕೆಟಲ್ ನೋಡಿದ್ದೀಯಲ್ಲ?" ಮರ್ವ್ ಅವನ ಬೆನ್ನಿಗೊಂದು ಗುದ್ದಿ, ಮಾಂಸದ ಹೂರಣದ ಎರಡು ಪಾಸ್ಟಿ ಕಟ್ಟಿಸಿಕೊಂಡು ಹೋದ.

ಲಿಂಡ್ಸೆ ನೋಡಿದ್ದ. ಇಡೀ ಊರೇ ನೋಡಿತ್ತು. ಮನೆಗೆ ಬರುವಷ್ಟರಲ್ಲಿ ಯೋಜನೆ ತಾನಾಗಿ ಕೂಡಿಕೊಂಡಿತ್ತು. ಹೆಂಡತಿ ಸತ್ತ ಮೇಲೆ ಮರ್ವ್ ಒಂಟಿ. ಬೆಳಿಗ್ಗೆ ಆರಕ್ಕೆ ಹಿತ್ತಲಿನ ಶೆಡ್ಡಿಗೆ ಬರಿಗಾಲಲ್ಲಿ ಹೋಗಿ, ಸಾಕಿದ ಪಾರಿವಾಳಗಳಿಗೆ ನೀರು ಬಿಟ್ಟು, ಒದ್ದೆ ನೆಲದ ಮೇಲೆ ನಿಂತೇ ಚಹಾ ಕಾಸುತ್ತಾನೆ. ಆ ಚಹಾ ಟಾರಿನಂಥದ್ದು, ಬೇರೆ ಯಾರೂ ಕುಡಿಯುವುದಿಲ್ಲ. ಹಾಗಾಗಿ ಬೇರೆ ಯಾರಿಗೂ ಏನೂ ಆಗುವುದಿಲ್ಲ. ಇದನ್ನು ಯೋಚಿಸಿದ್ದಕ್ಕೆ ಲಿಂಡ್ಸೆಗೆ ತನ್ನ ಬಗ್ಗೆ ಸ್ವಲ್ಪ ಗೌರವವೇ ಬಂತು. ಶೆಡ್ಡಿನಲ್ಲಿರುವುದು ಹಳೆಯ ಕಾಲದ ಫ್ಯೂಸು, ತಕ್ಷಣ ಕರೆಂಟು ಕಡಿಯುವ ಹೊಸ ಸ್ವಿಚ್ಚಲ್ಲ. ಮರ್ವ್ ಸತ್ತರೆ ತಜ್ಞರು ಕೆಟಲ್ ಬಿಚ್ಚುತ್ತಾರೆ, ಒಳಗಿನ ಅವ್ಯವಸ್ಥೆ ನೋಡುತ್ತಾರೆ, ತಲೆಯಲ್ಲಾಡಿಸುತ್ತಾರೆ. ಅಷ್ಟೇ.

ಬುಧವಾರ ಮಧ್ಯಾಹ್ನ ಮರ್ವ್ ಹುಲ್ಲಿನ ಮೇಲೆ ಚೆಂಡು ಉರುಳಿಸುವ ಬೌಲ್ಸ್ ಆಟಕ್ಕೆ ಹೋದ. ನಲವತ್ತೆರಡು ಡಿಗ್ರಿ ಬಿಸಿಲು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಶೆಡ್ಡಿಗೆ ಬೀಗವೆಂಬುದು ಎಂದೂ ಇರಲಿಲ್ಲ.

ಲಿಂಡ್ಸೆ ಪಾತ್ರೆ ತೊಳೆಯುವ ಗ್ಲೌಸು ಹಾಕಿಕೊಂಡು ಸ್ಟೀಲ್ ಕೆಟಲಿನ ತಳ ಬಿಚ್ಚಿದ. ಒಳಗೆಲ್ಲ ಮರ್ವ್‌ನ ಕೈಕೆಲಸ. ಎಳೆಗಳು ಕೋಳಿಗೂಡಿನ ಹುಲ್ಲಿನಂತೆ ಚೆದುರಿದ್ದವು. ಅದನ್ನು ಕಿತ್ತುಹಾಕಿ, ಮರ್ವ್‌ನದೇ ಮೊಂಡ ಸ್ಕ್ರೂಡ್ರೈವರ್, ಮರ್ವ್‌ನದೇ ಕೆಂಪು ಟೇಪು ಹಿಡಿದು, ಹೊಸದಾಗಿ, ಅಷ್ಟೇ ಕೆಟ್ಟದಾಗಿ ಕಟ್ಟಲು ಕೂತ. ವೈರಿನ ಸಿಪ್ಪೆಯನ್ನು ಪಾಸ್ಟಿ ಕುಯ್ಯುವ ಚಾಕುವಿನಿಂದ ಹೆರೆದ. ಬೇಕೆಂದೇ ಮೂರು ಎಳೆ ತುಂಡರಿಸಿದ. ತಿರುಪಿನ ತಲೆಯನ್ನು ಗೀಚಿದ. ಕೆಟ್ಟದಾಗಿ ಮಾಡುವುದು ಇಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ಎರಡು ಸಲ ಬೆರಳುಗಳು ತಾವಾಗಿ ಅಚ್ಚುಕಟ್ಟು ಮಾಡಿಬಿಟ್ಟವು, ಎರಡು ಸಲವೂ ಬಿಚ್ಚಿ ಕೆಡಿಸಿದ. ಏನನ್ನು ಸಡಿಲಿಸಿದ, ಏನನ್ನು ಹಾಗೇ ಬಿಟ್ಟ ಎಂಬುದು ಆ ಬೆರಳುಗಳಿಗಷ್ಟೇ ಗೊತ್ತು. ಮರ್ವ್ ಕೆಟಲನ್ನು ಹತ್ತಿರಕ್ಕೆ ಎಳೆದುಕೊಳ್ಳುವುದು ಹಿಡಿಯಿಂದಲ್ಲ, ವೈರಿನಿಂದ. ಆ ಒಂದು ಜಗ್ಗಿಗೆ ಒಳಗಿನದೆಲ್ಲ ಕಳಚಿಕೊಳ್ಳಬೇಕು, ಅಷ್ಟೇ.

ಗುರುವಾರ ಐದೂಮುಕ್ಕಾಲಿಗೇ ಎದ್ದು ಅಡುಗೆಮನೆಯ ಕಿಟಕಿ ತೆರೆದಿಟ್ಟ. ಆರು ಹೊಡೆಯಿತು. ಪಾರಿವಾಳಗಳು ಒಮ್ಮೆಲೇ ರೆಕ್ಕೆ ಬಡಿದ ಸದ್ದು ಎರಡು ಮನೆಯಾಚೆಯಿಂದ ತೇಲಿಬಂತು. ಆಮೇಲೆ ಏನೂ ಇಲ್ಲ. ಎಂಟಾದರೂ ಆಂಬುಲೆನ್ಸಿನ ಸದ್ದಿಲ್ಲ. ಒಂಟಿ ಮನುಷ್ಯ, ಯಾರಾದರೂ ನೋಡುವುದಕ್ಕೆ ಹೊತ್ತು ಹಿಡಿಯುತ್ತದೆ. ಲಿಂಡ್ಸೆ ಟೋಸ್ಟಿಗೆ ಬೆಣ್ಣೆ ಸವರಿದ. ತಿನ್ನಲಾಗಲಿಲ್ಲ.

ಒಂಬತ್ತಕ್ಕೆ ಯಾರೋ ಬಾಗಿಲು ಬಡಿದರು. ತೆರೆದರೆ ಮರ್ವ್. ಬಲಗೈಗೆ ಬ್ಯಾಂಡೇಜು, ಎಡಗೈಯಲ್ಲಿ ಕೆಟಲು. ಹಿಂದೆ ಗೇಟಿನ ಹತ್ತಿರ ಪೊಲೀಸ್ ಹೆಂಗಸೊಬ್ಬಳು ಕಾರಿಗೆ ಒರಗಿ ನಿಂತಿದ್ದಳು.

ಲಿಂಡ್ಸೆ ಬಾಗಿಲ ಚಿಲಕವನ್ನು ಬಿಡಲಿಲ್ಲ. ಆದರೆ ಮಾತು ಸಿದ್ಧವಾಗಿತ್ತು. "ಸುಟ್ಕೊಂಡ್ಯಾ? ನಿನ್ ಕೆಲಸ ಒಂದಿನ ನಿನ್ನೇ ತಿನ್ನತ್ತೆ ಅಂತ ಹೇಳಿರ್ಲಿಲ್ವಾ?"

"ನಾನೂ ಮೊದ್ಲು ಹಂಗೇ ಅಂದ್ಕೊಂಡೆ ಕಣೋ," ಎಂದ ಮರ್ವ್. ಅವನ ದನಿಯಲ್ಲಿ ನಗೆ ಇರಲಿಲ್ಲ. "ಜಗ್ಗಿದೆ, ಪಟ್ ಅಂತು, ಫ್ಯೂಸು ಹಾರ್ತು, ಕೈ ಉಳೀತು. ಆಮೇಲೆ ತಳ ಬಿಚ್ಚಿ ನೋಡ್ದೆ."

ಅವನು ಕೆಟಲನ್ನು ತಲೆಕೆಳಗು ಮಾಡಿ ಹಿಡಿದ. ಗೀಚಿದ ತಿರುಪು, ಚೆದುರಿದ ಎಳೆ, ಕೆಂಪು ಟೇಪು, ಎಲ್ಲವೂ ಮರ್ವ್‌ನ ಕೈಯದೇ ಎಂದು ಯಾರಾದರೂ ಆಣೆ ಮಾಡಬಹುದಿತ್ತು. ಕಂದು, ನೀಲಿ ವೈರುಗಳು ಕಿತ್ತುಬಂದಿದ್ದವು. ಹಸಿರು-ಹಳದಿ ಅರ್ತಿಂಗ್ ವೈರು ಮಾತ್ರ, ಜಗ್ಗಿದ್ದು ತಾಗದಷ್ಟು ಸಡಿಲವಾಗಿ ಬಾಗಿ, ತಿರುಪಿನಡಿ ಹಾಗೇ ಕೂತಿತ್ತು; ಅದು ಉಳಿದೆರಡಕ್ಕಿಂತ ಒಂದು ಬೆರಳು ಉದ್ದವಿತ್ತು. "ಮೂವತ್ತು ವರ್ಷದಿಂದ ಬೈತಾ ಬಂದಿದ್ದೀಯಲ್ಲೋ ಲಿಂಡ್ಸೆ," ಎಂದ ಮರ್ವ್, "ಹಸಿರು ವೈರನ್ನ ಉದ್ದ ಬಿಡೋ, ಗೂಬೆ, ಎಲ್ಲ ಕಿತ್ಬಂದ್ರೂ ಅದು ಕೊನೇಗೆ ಬರ್ಬೇಕು, ಜೀವ ಉಳಿಸೋದು ಅದೇ ಅಂತ. ನಾನು ಒಂದಿನಾನಾದ್ರೂ ಹಂಗೆ ಉದ್ದ ಬಿಟ್ಟಿದ್ದೀನಾ?"