ನದಿಗೆ ಎಣ್ಣೆಸ್ನಾನ

ಫೋರ್ಕ್‌ಲಿಫ್ಟಿನ ಎರಡು ಕೊಂಬುಗಳು ನನ್ನ ಬೆನ್ನಿಗೆ ನಾಲ್ಕೇ ಅಡಿ ದೂರದಲ್ಲಿದ್ದವು!

ಓಡಿದೆ.

ಎಡಕ್ಕೆ ಗೋಡೆ. ಬಲಕ್ಕೆ ನದಿ. ಹಿಂದೆ ಎಪ್ಪತ್ತರ ಮುದುಕ ಸ್ಟೀರಿಂಗ್ ಹಿಡಿದು “ಅಬುನಾಯ್! ಅಬುನಾಯ್!” ಎಂದು ಅರಚುತ್ತಿದ್ದ. ಅಬುನಾಯ್ ಅಂದರೆ ಅಪಾಯ. ಅದನ್ನು ಅವನು ಹೇಳಬೇಕಾಗಿರಲಿಲ್ಲ... ಅಪಾಯವನ್ನು ಓಡಿಸುತ್ತಿದ್ದವನೇ ಅವನು!

ಹಾರಿದೆ. ಬಲಕ್ಕೆ.

ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆ. ಟೋಕಿಯೋದ ಕೋಟೋ ವಾರ್ಡು. ಎದೆಮಟ್ಟದ ನೀರು. ಒಂದು ಗುಟುಕು ನದಿ ಹೊಟ್ಟೆಯೊಳಕ್ಕೂ ಹೋಯಿತು.

ನಗಬೇಡಿ ಸ್ವಾಮಿ. ನನ್ನ ಹೆಸರು ಭೀಮಸೇನ. ತೂಕ ಐವತ್ತೆರಡು ಕೆಜಿ. ಹನ್ನೊಂದು ವರ್ಷದಿಂದ ಇಲ್ಲಿನ ನಮ್ಮವರ ತೊಡಕು ಬಿಡಿಸುವುದೇ ನನ್ನ ಕಸುಬು. ಬಾಡಿಗೆಗೆ ಮನೆ ಕೊಡದ ಓನರ್, ಸಾಮಾನು ಸಮೇತ ಮಾಯವಾದ ಪ್ಯಾಕರ್ಸ್, ಏರ್‌ಪೋರ್ಟಿನಲ್ಲಿ ಉಪ್ಪಿನಕಾಯಿ ಭರಣಿ ಜೊತೆ ಸಿಕ್ಕಿಬಿದ್ದ ಮಾವ... ನನ್ನ ಆಯುಧ ಪಿಸ್ತೂಲಲ್ಲ. ಗಂಟಲು. ಒಂದು ಸಲ ಕೇಳಿದರೆ ಸಾಕು, ಯಾರ ದನಿಯನ್ನಾದರೂ ತೆಗೆಯುತ್ತೇನೆ.

ಈ ಸಲದ ಪಾರ್ಟಿ ನಂಜುಂಡಸ್ವಾಮಿ. ಮೈಸೂರಿನವರು, ಸಾಫ್ಟ್‌ವೇರ್ ಮ್ಯಾನೇಜರ್. ಭಾನುವಾರ ಬಂದರೆ ಸಾಕು, ಮೂವತ್ತು ಜನರ ಕೈಗೆ ಗ್ಲೌಸು, ಇಕ್ಕಳ ಕೊಟ್ಟು ನದಿಯ ಕಸ ಹೆಕ್ಕಿಸುವ ನಾಯಕ.

“ಐದು ವಾರದಿಂದ ಯಾವನೋ ಹೊಳೆಗೆ ಎಣ್ಣೆ ಹಾಕ್ತಿದಾನೆ ಕಣಯ್ಯಾ,” ಅಂದಿದ್ದರು.

“ಹೊಳೆಗೂ ಎಣ್ಣೆ ಹಾಕಿಸೋರು ಇದಾರಾ ಸಾರ್?”

“ತಮಾಷೆ ಬೇಡ! ಎರಡು ಬಾತುಕೋಳಿ ಸತ್ತಿವೆ. ನಂಗೆ ಆ ದೋಣಿ ರಿಪೇರಿ ಮಾಡೋ ಕುರೋದಾ ಮೇಲೆ ಡೌಟು. ಭಾನುವಾರ ಹನ್ನೊಂದಕ್ಕೆ ವಾರ್ಡ್ ಆಫೀಸಿಂದ ನಂಗೆ ಸನ್ಮಾನ. ಸ್ಟೇಜಲ್ಲೇ ಅವನ ಹೆಸರು ಹೇಳ್ತೀನಿ. ಆ ಜಾಗ ವಾರ್ಡಿಂದು. ಶೆಡ್ಡು ಎತ್ತಂಗಡಿ! ಹೋಗು, ಪ್ರೂಫ್ ತಾ.”

ಪ್ರೂಫ್ ತರಲು ಬಂದವನು ಈಗ ನೀರಿನಲ್ಲಿದ್ದೆ. ಪ್ರೂಫೇನೋ ಆಗಿದ್ದೆ... ವಾಟರ್‌ಪ್ರೂಫ್ ಆಗಿರಲಿಲ್ಲ!

ಮುದುಕ, ಅದೇ ಕುರೋದಾ, ದಡದ ಮೇಲೆ ನಿಂತ. ಕೈಯಲ್ಲಿ ಕೊಕ್ಕೆ ಹಾಕಿದ ಉದ್ದನೆಯ ಗಳು. ಅದು ಮೆಲ್ಲಗೆ ನನ್ನ ಕುತ್ತಿಗೆಯ ಕಡೆಗೆ ಬಂತು.

ಕಣ್ಣು ಮುಚ್ಚಿದೆ.

ಕೊಕ್ಕೆ ಕಾಲರಿಗೆ ಸಿಕ್ಕಿತು. ಎಳೆಯಿತು. ದಡಕ್ಕೆ ಬಿದ್ದೆ. ಮುದುಕ ಬಗ್ಗಿ... ನನ್ನ ತಲೆಗೆ ಹಳದಿ ಹೆಲ್ಮೆಟ್ ತೊಡಿಸಿದ!

“ಸುಮಿಮಾಸೆನ್,” ಎಂದು ಕ್ಷಮೆ ಕೇಳಿದ. “ಹೆಲ್ಮೆಟ್ ಇಲ್ಲದೆ ಶೆಡ್ಡಿನೊಳಗೆ ಬರಬಾರದು. ಅದನ್ನು ಹೇಳೋಣ ಎಂದು ಹಿಂದೆ ಬಂದೆ.”

ಇಂಥ ಕೊಲೆಗಾರನನ್ನು ನಾನು ಕಂಡಿರಲಿಲ್ಲ.

ಶರ್ಟು ಹಿಂಡಿದೆ. ಎಣ್ಣೆ ಜಿನುಗಿತು. ಮೂಗಿಗೆ ಹಿಡಿದೆ. ಓಮ. ಇಂಗು. ಜೇಬಿನಂಚಿಗೆ ಕರ್ರಗೆ ಅಂಟಿಕೊಂಡಿದ್ದ ಒಂದು ಕರಿಬೇವಿನೆಲೆ.

ದೋಣಿಯ ಎಂಜಿನ್ನಿಗೆ ಜಪಾನಿನಲ್ಲಿ ಯಾರೂ ಒಗ್ಗರಣೆ ಹಾಕುವುದಿಲ್ಲ!

ಕುರೋದಾ ನನ್ನ ಮೂಗನ್ನೇ ನೋಡುತ್ತಿದ್ದ. ತಲೆ ತಗ್ಗಿಸಿದ. ಅವನ ಹಿಂದೆ ಎಣ್ಣೆ ಹೀರಿ ಭಾರವಾದ ಬಟ್ಟೆಗಳ ರಾಶಿ.

“ಇದನ್ನು ತೆಗೆಯುತ್ತಿರುವುದು ನೀವಾ?”

“ಎಲ್ಲರೂ ಮನೆಗೆ ಹೋದ ಮೇಲೆ.”

“ಎಲ್ಲಿಂದ ಬರುತ್ತಿದೆ, ಗೊತ್ತಾ?”

“ಗೊತ್ತು.”

“ಅವರಿಗೆ ಹೇಳಲಿಲ್ಲವಾ?”

“ನಾಲ್ಕು ಸಲ ಹೇಳಿದೆ.”

“ಏನೆಂದು?”

“ಗಿಫ್ಟ್ ಕೊಟ್ಟೆ,” ಅಂದ.

ಎಣ್ಣೆಯ ಜಾಡು ಹಿಡಿದು ಮೋರಿಯ ಗುಂಟ ಓಡಿದೆ. ಇನ್ನೂರು ಗಜ. ಕಮ್ಯುನಿಟಿ ಹಾಲಿನ ಹಿತ್ತಲು. ಅಲ್ಲಿ ಗ್ಯಾಸ್ ಒಲೆ, ಬಾಣಲೆ, ಜಾಲರಿ ಸೌಟು ಹಿಡಿದ ಚಂದ್ರಪ್ರಭಾ... ನಂಜುಂಡಸ್ವಾಮಿಯವರ ಹೆಂಡತಿ. ನದಿ ತೊಳೆಯುವ ಮೂವತ್ತು ಜನರಿಗೂ ಬಿಸಿ ಬೋಂಡಾ ಅವರದೇ.

“ಬನ್ನಿ ಭೀಮಸೇನ್, ಇದೇನು ನೆಂದು ಬಂದಿದೀರಾ? ಬೋಂಡಾ ತಗೊಳ್ಳಿ.”

“ಹೋದ ವಾರದ ಕರಿದ ಎಣ್ಣೆ ಎಲ್ಲಿ ಮೇಡಂ?”

“ಚೆಲ್ಲೋ ಡಿಪಾರ್ಟ್‌ಮೆಂಟ್ ಇವರದು. ಬೆಳಿಗ್ಗೆನೇ ಮೋರಿಗೆ ಸುರಿದ್ರು.”

ಕಪಾಟಿನ ಮೇಲೆ ರಿಬ್ಬನ್ ಕೂಡ ಬಿಚ್ಚದ ನಾಲ್ಕು ಪ್ಯಾಕೆಟ್‌ಗಳು ಸಾಲಾಗಿ ಕೂತಿದ್ದವು. “ಇವು?”

“ಕುರೋದಾ ಸಾನ್ ಕೊಟ್ಟಿದ್ದು. ಕರಿದ ಎಣ್ಣೆ ಗಟ್ಟಿ ಮಾಡೋ ಪುಡಿ. ಹಾಕಿದ್ರೆ ಹಲ್ವಾ ಥರ ಆಗತ್ತೆ, ಎತ್ತಿ ಕಸಕ್ಕೆ ಹಾಕೋದು. ಓದಿ ಹೇಳ್ದೆ ಇವರಿಗೆ. ‘ಗೌರವವಾಗಿ ಕೊಟ್ಟಿದ್ದು, ಶೋಗೆ ಇಡು’ ಅಂದ್ರು. ಜಪಾನೀಸ್ ಎಕ್ಸಾಮ್ ಪಾಸ್ ಮಾಡಿರೋಳು ನಾನು... ಕೇಳೋರು ಯಾರು?”

“ಏನ್ ಕೇಳ್ಬೇಕಿತ್ತು?”

ಬಾಗಿಲಲ್ಲಿ ನಂಜುಂಡಸ್ವಾಮಿ. ರೇಷ್ಮೆ ಜುಬ್ಬಾ. ಹೇಳಿದೆ. ಒಂದೇ ಉಸಿರಿನಲ್ಲಿ.

“ಮೋರಿ ನೀರು ಶುದ್ಧ ಮಾಡೋ ಪ್ಲಾಂಟಿಗೆ ಹೋಗಲ್ವೇನಯ್ಯಾ?”

“ಇದು ಮಳೆನೀರಿನ ಮೋರಿ ಸಾರ್. ಸೀದಾ ನದಿಗೆ.”

ಮೂರು ಸೆಕೆಂಡ್ ಮುಖ ಸಪ್ಪಗಾಯಿತು. ಮೂರೇ ಸೆಕೆಂಡ್! ಆಮೇಲೆ ಜುಬ್ಬಾ ಸರಿಮಾಡಿಕೊಂಡರು.

“ನಂದು ವೆಜಿಟೆಬಲ್ ಆಯಿಲ್. ಕೆಮಿಕಲ್ ಅಲ್ವಲ್ಲ. ಹೋಗ್ಲಿ ಬಿಡು. ಸ್ಪೀಚ್ ರೆಡಿ ಇದೆ.”

“ಅದರಲ್ಲಿ ಕುರೋದಾ ಹೆಸರಿದೆ ಸಾರ್! ಅವನ ಶೆಡ್ಡು ಹೋಗತ್ತೆ.”

“ನಿನ್ನ ಬಾಡಿಗೆ ಮನೆಗೆ ಗ್ಯಾರಂಟರ್ ಸೈನ್ ಹಾಕಿದ್ದು ಯಾರು?”

“...ನೀವೇ.”

“ಅದು ನೆನಪಿರ್ಲಿ. ನಾನು ಕನ್ನಡದಲ್ಲಿ ಗುಡುಗ್ತೀನಿ. ನೀನು ಜಪಾನೀಸಿಗೆ ಹಾಕು. ಅಷ್ಟೇ ನಿನ್ನ ಕೆಲಸ.”

ಆ ಕೇಸಿನಿಂದ ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಯಾವ ನೀರಿನಲ್ಲಿ?

ಹನ್ನೊಂದು ಗಂಟೆ. ನದಿ ದಂಡೆಯಲ್ಲಿ ಶಾಮಿಯಾನ. ಕೆಸರು ಬೂಟಿನ ಮೂವತ್ತು ಜನ ಜಪಾನಿಗಳು. ವಾರ್ಡ್ ಆಫೀಸಿನ ಕನ್ನಡಕದ ಅಧಿಕಾರಿ, ಕೈಯಲ್ಲಿ ಪ್ರಶಂಸಾಪತ್ರ. ಕೊನೆಯ ಸಾಲಿನಲ್ಲಿ ಕುರೋದಾ. ಆ ಬಯಲಿನಲ್ಲೂ ತಲೆಗೆ ಹೆಲ್ಮೆಟ್.

ಮೈಕು ಒಂದೇ. ನಾವು ಇಬ್ಬರು.

“ಈ ನದಿಗೆ ಎಣ್ಣೆ ಸುರಿದವನು ನಮ್ಮ ಮಧ್ಯೆನೇ ಇದಾನೆ!” ನಂಜುಂಡಸ್ವಾಮಿ ಗುಡುಗಿದರು.

ಇದನ್ನು ಇದ್ದದ್ದು ಇದ್ದ ಹಾಗೆ ಜಪಾನೀಸಿಗೆ ಹಾಕಿದೆ. ಒಂದಕ್ಷರ ಬದಲಿಸಲಿಲ್ಲ.

“ಅವನು ಬೇರೆ ಯಾರೂ ಅಲ್ಲ... ಕುರೋದಾ!”

ಗಂಟಲು ಸರಿಮಾಡಿಕೊಂಡೆ. ಅವರದೇ ದನಿ ತೆಗೆದೆ. ಅದೇ ಎದೆಯ ಗತ್ತು, ವಾಕ್ಯಕ್ಕೆ ಮುಂಚಿನ ಅದೇ ಸಣ್ಣ ಕೆಮ್ಮು. ಜಪಾನೀಸಿನಲ್ಲಿ ಹೇಳಿದೆ: “ಅವನು ಬೇರೆ ಯಾರೂ ಅಲ್ಲ, ನಾನೇ. ಬೋಂಡಾ ಕರಿದ ಎಣ್ಣೆಯನ್ನು ಮಳೆಮೋರಿಗೆ ಸುರಿದೆ. ತಿಳಿಯದೆ ಸುರಿದೆ. ಐದು ವಾರ ಬಾಯಿ ಬಿಡದೆ ಅದನ್ನು ತೆಗೆದವರು ಕುರೋದಾ ಸಾನ್. ಕ್ಷಮಿಸಿ.”



ತಿಂಡಿಯ ಮೇಜಿನ ಹಿಂದೆ ಚಂದ್ರಪ್ರಭಾ ಅವರ ಸೌಟು ಗಾಳಿಯಲ್ಲೇ ನಿಂತಿತು. ನನ್ನನ್ನು ಬಿಟ್ಟರೆ ಇಡೀ ಶಾಮಿಯಾನದಲ್ಲಿ ಎರಡೂ ಭಾಷೆ ಅರ್ಥವಾದವರು ಅವರೊಬ್ಬರೇ. ನನ್ನನ್ನು ನೋಡಿದರು. ಗಂಡನನ್ನು ನೋಡಿದರು.

ನನ್ನ ಕತೆ ಮುಗಿಯಿತು ಅಂದುಕೊಂಡೆ.

ಅವರು ಸೌಟು ಕೆಳಗಿಟ್ಟರು. ಕುರೋದಾ ಕಡೆ ತಿರುಗಿ, ಸೊಂಟದವರೆಗೆ ಬಗ್ಗಿದರು.

ಅದನ್ನು ನೋಡಿ ಅಧಿಕಾರಿ ಬಗ್ಗಿದ. ಮೂವತ್ತು ಜನ ಬಗ್ಗಿದರು. ಇಷ್ಟೊಂದು ಗೌರವ ಕಂಡು ನಂಜುಂಡಸ್ವಾಮಿಯೂ ಗದ್ಗದಿತರಾಗಿ ಬಗ್ಗಿದರು! ಕುರೋದಾ ಹೆಲ್ಮೆಟ್ ತೆಗೆದು ಕಣ್ಣೊರೆಸಿಕೊಂಡ. ಚಪ್ಪಾಳೆ ಅಂದರೆ ಚಪ್ಪಾಳೆ!

ಅಧಿಕಾರಿ ಪ್ರಶಂಸಾಪತ್ರ ಕೊಟ್ಟ. ಅದರ ಜೊತೆಗೆ ಕಸ ಹೆಕ್ಕುವವರ ಸಾಮಾನಿನಿಂದ ಉದ್ದ ಹಿಡಿಕೆಯ ಬಲೆ ಮತ್ತು ಒಂದು ನೀಲಿ ಬಕೆಟ್ಟನ್ನೂ ಎತ್ತಿ, ಜಪಾನೀಸಿನಲ್ಲಿ ನಾಲ್ಕು ಮಾತು ಹೇಳಿ ಕೊಟ್ಟ.

“ನೋಡಿದ್ಯಾ?” ನಂಜುಂಡಸ್ವಾಮಿ ನನ್ನ ಕಿವಿಯಲ್ಲಿ ಉಸುರಿದರು. “ಹೆಸರು ಹೇಳಿದ ತಕ್ಷಣ ಹೆಂಗ್ ಅತ್ತ! ಇದೇನಿದು, ಬಲೆ-ಬಕೆಟ್ಟು?”

“ಪ್ರತಿ ಭಾನುವಾರ ನೀರಿಗಿಳಿದು ಎಣ್ಣೆ ತೆಗೆಯೋ ಜವಾಬ್ದಾರಿ. ನಿಮ್ಮೊಬ್ಬರಿಗೇ.”

“ನನ್ನೊಬ್ಬನಿಗೇನಾ!” ಎದೆ ಉಬ್ಬಿತು. “ಅಂದ್ರೆ ಕೇಸ್ ಕ್ಲೋಸ್. ಅಪರಾಧಿ ಸಿಕ್ಕಿಬಿದ್ದ ತಾನೆ?”

“ಸಿಕ್ಕಿಬಿದ್ದ ಸಾರ್. ಕೈಗೆ ಬಕೆಟ್ಟೂ ಕೊಟ್ಟಾಯ್ತು.”